ಅಪ್ಪನ ಮೂರು ಬಣ್ಣದ ಪಟ್ಟಿ

ಮಕ್ಕಳೇ, ನಾನು ಚಿಕ್ಕವಳಿದ್ದಾಗ, ಒಂದು ಭಾನುವಾರ ಬೆಳಿಗ್ಗೆ, ಅಂಗಳ ಗುಡಿಸಿದೆ, ಕೋಳಿಗೂಡು ತೆರೆದು ತೌಡು ಹಾಕಿದೆ, ಎರಡು ಕೊಡ ನೀರು ಸೇದಿದೆ. ಆಮೇಲೆ ಅಮ್ಮ ರಾಗಿ, ನೆಲಗಡಲೆ ಹುರಿದು ಬೆಲ್ಲ ಸೇರಿಸಿ ಮಾಡಿಟ್ಟ ಹಿಟ್ಟನ್ನು ಪೊಟ್ಟಣ ಕಟ್ಟಿ ಅಪ್ಪನ ಚೀಲಕ್ಕೆ ತುಂಬಿದೆ. ಅಪ್ಪ ಪುತ್ತೂರಿನ ಒಂದು ಸೇವಾಸಂಸ್ಥೆಯಲ್ಲಿದ್ದರು. ಉಣ್ಣಲು ಇಲ್ಲದ ಮನೆಗಳನ್ನು ಹುಡುಕಿಕೊಂಡು ಹೋಗುವುದೇ ಅವರ ಕೆಲಸ.

ಆ ದಿನ ನನ್ನನ್ನೂ ಸುಳ್ಯದ ಬಸ್ಸು ಹತ್ತಿಸಿದರು. ರಬ್ಬರ್ ತೋಟದ ಕೂಲಿಗಳ ಸಾಲುಮನೆಗಳ ಹತ್ತಿರ ಇಳಿದಾಗ ರಬ್ಬರ್ ಹಾಲಿನ ಹುಳಿವಾಸನೆ ಮೂಗಿಗೆ ಹೊಡೆಯಿತು. ಅಪ್ಪನ ಬಳಿ ಹಳೆಯ ಎಕ್ಸ್‌ರೇ ಹಾಳೆ ಕತ್ತರಿಸಿ ಬಣ್ಣ ಬಳಿದ ಪಟ್ಟಿಯೊಂದಿತ್ತು. ಅದನ್ನು ಮಗುವಿನ ತೋಳಿಗೆ ಸುತ್ತುವುದು. ತೀರ ಸಣಕಲು ತೋಳಾದರೆ ಕೆಂಪು, ಸ್ವಲ್ಪ ವಾಸಿಯಾದರೆ ಹಳದಿ, ಗಟ್ಟಿಯಾಗಿದ್ದರೆ ಹಸಿರು. ಕೆಂಪಿನ ಮಕ್ಕಳಿಗೆ ಮಾತ್ರ ಹಿಟ್ಟು. ಹಿಟ್ಟಿಗೆಂದು ಸಂಸ್ಥೆ ಅಮ್ಮನಿಗೆ ಕೊಡುತ್ತಿದ್ದ ರಾಗಿಯೇ ಅಷ್ಟು. ಅಪ್ಪ ಬಣ್ಣ ಹೇಳುತ್ತಿದ್ದರು, ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ.

ಕೊನೆಯ ಮನೆಯ ಕೂಸು ಹಿಂದಿನ ತಿಂಗಳು ಕೆಂಪಿನಲ್ಲಿತ್ತು. ಈ ಸಲ ಹಳದಿ. ಅಪ್ಪನಿಗೆ ಖುಷಿಯೋ ಖುಷಿ. “ಎಂತ ಮಾರಾಯ್ತಿ, ಬಟ್ಟಲನ್ನೂ ಸೇರಿಸಿ ತಿಂದಿಯಾ?” ಎಂದು ಕೂಸಿನ ಕೆನ್ನೆ ಹಿಂಡಿದರು.

ತಾಯಿ ನಗಲಿಲ್ಲ. “ಹಾಗಾದ್ರೆ ಇನ್ನು ಹಿಟ್ಟಿಲ್ವಾ ಅಣ್ಣ?”

“ಕೆಂಪಿನವರಿಗೆ ಮಾತ್ರ ಅಲ್ವಾ ಅಕ್ಕ.”

ಬಾಗಿಲ ಹಿಂದೆ ಅವರ ಇನ್ನಿಬ್ಬರು ಮಕ್ಕಳು ನಿಂತಿದ್ದರು. ಇಬ್ಬರದೂ ಹಳದಿ. ತಾಯಿ ಅವರನ್ನೊಮ್ಮೆ ನೋಡಿ, ಔಷಧಿ ಹೇಗೆ ಕುಡಿಸುವುದೆಂದು ವಿಚಾರಿಸುವ ಹಾಗೆ ಮೆಲ್ಲಗೆ ಕೇಳಿದರು: “ಇವಳ ಹಿಟ್ಟಿನಲ್ಲೇ ಮೂರೂ ಜನ ತಿನ್ನುದು. ಇವಳಿಗೆ ಹದಿನೈದು ದಿನ ಕೊಡದೆ ಇಟ್ರೆ ಪುನಃ ಕೆಂಪಾಗ್ತದಾ?”

ಅಪ್ಪ ಪಟ್ಟಿಯನ್ನು ಮತ್ತೆ ಸುತ್ತಿ, ಕೂಸು ಕಿರುಚುವಷ್ಟು ಬಿಗಿದರು.

“ಕೆಂಪು. ಬರಿ.”

“ಅಪ್ಪಾ, ಹಳದಿ ಅಲ್ವಾ?”

“ಬರಿ ಅಂದೆ.”

ಬರೆದೆ. ಅಪ್ಪ ಪೊಟ್ಟಣ ಕೊಟ್ಟರು.

ಮುದುಕರಾಗುವವರೆಗೂ ಅಪ್ಪ ಅದೇ ಕೆಲಸ ಮಾಡಿದರು. ಆದರೆ ಅಂದಿನಿಂದ, ತೋಳು ಅಳೆಯುವ ಮೊದಲು, “ಈ ಮನೆಯಲ್ಲಿ ಉಣ್ಣುವವರು ಎಷ್ಟು ಜನ ಉಂಟು?” ಎಂದು ಕೇಳುತ್ತಿದ್ದರು.

ಮಕ್ಕಳೇ, ನಿಮ್ಮ ತೂಕ ಕಾಲು ಕಿಲೋ ಏರಿದರೆ ನಿಮ್ಮಮ್ಮ ಫೋನಿನಲ್ಲಿ ಊರಿಗೆಲ್ಲ ಸಾರುತ್ತಾಳೆ. ಆ ತಾಯಿಗೆ ಕೂಸು ಮೈ ತುಂಬಿಕೊಂಡದ್ದೇ ಕೆಟ್ಟ ಸುದ್ದಿಯಾಗಿತ್ತು.

ಆ ಭಾನುವಾರ ರಾತ್ರಿ ನಮ್ಮಲ್ಲಿ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ. ಅಪ್ಪ ಬಟ್ಟಲ ಮುಂದೆ ಉಣ್ಣದೆ ಕೂತೇ ಇದ್ದರು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ಎಲ್ಲರಿಗಿಂತ ಮೊದಲು ನಿದ್ದೆ ಹೋದದ್ದೂ ನಾನೇ.