ಪೂರ್ತಿ ಪಿಂಚಣಿಗೆ ಕಾದ ದೊಡ್ಡಮ್ಮ

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ಎಷ್ಟು ಗಟ್ಟಿ ಅಂದ್ರೆ, ಅದರಲ್ಲಿ ಹಲಸಿನಕಾಯಿ ಕೊಯ್ಯಬಹುದಿತ್ತು. ಸಣ್ಣ ಹುಡುಗಿ ಆಗಿದ್ದಾಗಿಂದ ಬೀಡಿಯ ತುದಿ ಮಡಚಿ ಮಡಚಿ ಹಳದಿಯಾದ ಉಗುರು ಅದು. ನಮಗೆ ಅವರು ಸಂಬಂಧ ಏನೂ ಅಲ್ಲ, ಮೆಲ್ಕಾರಿನಲ್ಲಿ ಪಕ್ಕದ ಮನೆ. ಆದ್ರೂ ನನಗೆ ಬೈಯುವ ಅಧಿಕಾರ ಅಮ್ಮನಿಗಿಂತ ಅವರಿಗೇ ಜಾಸ್ತಿ. ಎದುರುತ್ತರ ಕೊಡ್ಲಿಕ್ಕೆ ಕಲಿಸಿದ್ದೂ ಅವರೇ.

ಅವರ ಕೆಮ್ಮಿಗೆ ಊರಲ್ಲಿ ಹೆಸರುಂಟು. ಜಗಲಿಯಲ್ಲಿ ಒಮ್ಮೆ ಕೆಮ್ಮಿದ್ರೆ ಹೈವೇಯಲ್ಲಿ ಲಾರಿಯವ ಹಾರ್ನ್ ಅಂತ ಗ್ರಹಿಸಿ ಸೈಡ್ ಕೊಡ್ತಿದ್ದ. ಹೊಗೆಸೊಪ್ಪಿನ ಧೂಳು ಎದೆಯಲ್ಲಿ ಕೂತಿದೆ, ಬೀಡಿ ಕಟ್ಟುವುದು ನಿಲ್ಲಿಸಿ ಅಂತ ಡಾಕ್ಟ್ರು ಹೇಳಿದ್ರು.

ನಿಲ್ಲಿಸ್ಲಿಕ್ಕೆ ದಾರಿಯೂ ಇತ್ತು. ಬೀಡಿಯವರ ಪಿಎಫ್ ಪಿಂಚಣಿ ಐವತ್ತಾದ ಮೇಲೆ ಬೇಗ ತಗೊಳ್ಬಹುದು, ಆದ್ರೆ ಸಾಯುವವರೆಗೆ ಕಮ್ಮಿಯೇ ಬರ್ತದೆ. ಪೂರ್ತಿ ಬೇಕಾದ್ರೆ ಐವತ್ತೆಂಟು ಆಗ್ಬೇಕು.

ದೊಡ್ಡಮ್ಮ ಒಪ್ಪಲಿಲ್ಲ. ಕಟ್ಟಿದ ಬೀಡಿ ಕಂಪೆನಿಗೆ ಕೊಡುವ ಬ್ರಾಂಚಿನಲ್ಲಿ ಒಂದು ಬೀಡಿ ಕಮ್ಮಿ ಇದ್ರೆ ಇಡೀ ಕಟ್ಟನ್ನೇ ಬದಿಗೆ ಬಿಸಾಡ್ತಾರೆ. ದೊಡ್ಡಮ್ಮನ ಬುದ್ಧಿ ಅಲ್ಲಿಂದ ಬಂದದ್ದು.

"ಕಮ್ಮಿ ಇರುವ ಕಟ್ಟು ನಾನು ಇವತ್ತಿನವರೆಗೆ ಯಾರಿಗೂ ಕೊಟ್ಟವಳಲ್ಲ. ಸರ್ಕಾರ ಕೊಟ್ರೆ ನಾನು ಯಾಕೆ ತಗೊಳ್ಬೇಕು?"

"ಐವತ್ತೆಂಟಾಗುವಾಗ ನೀವು ಇರ್ಬೇಕಲ್ಲ ದೊಡ್ಡಮ್ಮ?"

"ನಾನು ಸತ್ರೆ ನಿನ್ನ ಮದುವೆಯಲ್ಲಿ ಊಟ ಸರಿಯಿಲ್ಲ ಅಂತ ಜಗಳ ಮಾಡ್ಲಿಕ್ಕೆ ಯಾರುಂಟು ಮಾರಾಯ್ತಿ?"

ಪುಕ್ಕಟೆ ಮದ್ದು ಸಿಗುವ ಆಸ್ಪತ್ರೆಯ ಕಾರ್ಡೂ ಹಾಗೆಯೇ. ಪ್ಲಾಸ್ಟಿಕ್ ಸುತ್ತಿ ದೇವರ ಫೋಟೋದ ಹಿಂದೆ ಇಟ್ಟಿದ್ರು. ದೇವರಿಗೂ ಅದರ ಮುಖ ನೋಡ್ಲಿಕ್ಕೆ ಸಿಕ್ಕಿರ್ಲಿಕ್ಕಿಲ್ಲ. "ಕೆಮ್ಮಿಗೆಲ್ಲ ಕಾರ್ಡು ಮುಗಿಸಿದ್ರೆ ನಾಳೆ ದೊಡ್ಡ ಕಾಯಿಲೆ ಬಂದ್ರೆ ಏನು ಮಾಡುವುದು?" ಅಂತ ಕೇಳ್ತಿದ್ರು. ಆ ಕೆಮ್ಮೇ ದೊಡ್ಡ ಕಾಯಿಲೆ ಅಂತ ಗೊತ್ತಾಗುವಾಗ ಜಗಲಿಯಿಂದ ಒಳಗೆ ನಡೀಲಿಕ್ಕೆ ಉಸಿರಿರಲಿಲ್ಲ. ಬಂಟ್ವಾಳದ ಆಸ್ಪತ್ರೆಯಲ್ಲಿ ಕಾರ್ಡು ಹೊರಗೆ ತೆಗೆದಾಗ ಮದುಮಗಳ ಹಾಗೆ ಹೊಳೀತಿತ್ತು. ಡಾಕ್ಟ್ರು ಕಾರ್ಡನ್ನೂ ನೋಡಿದ್ರು, ದೊಡ್ಡಮ್ಮನನ್ನೂ ನೋಡಿದ್ರು.

ಐವತ್ತೆಂಟಕ್ಕೆ ಒಂದು ಮಳೆಗಾಲ ಬಾಕಿ ಇರುವಾಗ ಹೋದ್ರು.

ಹೆಂಡತಿ ಸತ್ರೆ ಗಂಡನಿಗೆ ಅರ್ಧ ಪಿಂಚಣಿ ಬರ್ತದೆ. ದೊಡ್ಡಪ್ಪ ಜೀವಮಾನದಲ್ಲಿ ಒಂದು ಬೀಡಿ ಎಲೆ ಕತ್ತರಿಸಿದವರಲ್ಲ. ಅವರ ಉದ್ಯೋಗ ಕಟ್ಟೆಯಲ್ಲಿ ಕೂತು ಹೆಂಡತಿ ಕಟ್ಟಿದ್ದನ್ನು ಸೇದುವುದು. ಹದಿಮೂರನೇ ದಿನದ ಉತ್ತರಕ್ರಿಯೆಯ ಬೊಜ್ಜದ ಊಟ ಅರಗುವ ಮೊದಲೇ ಅರ್ಜಿ ಹಾಕಿದ್ರು. ಪಿಂಚಣಿ ಬಂದ ದಿನ ಇಸ್ತ್ರಿ ಅಂಗಿ ಹಾಕಿ ನಮ್ಮ ಗೇಟಿನ ಹತ್ರ ನಿಂತ್ರು.

"ಬಂತಾ ದೊಡ್ಡಪ್ಪ?"

"ಬಂತು, ಅರ್ಧ. ಅವಳು ಇದ್ದಿದ್ರೆ ಪೂರ್ತಿ ಬರ್ತಿತ್ತು" ಅಂತ ಕಣ್ಣೊರೆಸಿಕೊಂಡ್ರು.

ಅವರು ಅತ್ತದ್ದು ಬಾರದ ಅರ್ಧಕ್ಕೆ.