ನೀರು ಹೊಗದ ಪೆಟ್ಟಿಗೆ

ಎರ್ಮಾಳಿನ ಆಲ್ಫೋನ್ಸರು ಮೂವತ್ತು ವರ್ಷ ಫೈಬರ್ ದೋಣಿ ಕಟ್ಟಿದವರು. ಅವರ ಮಟ್ಟಿಗೆ ಲೋಕದಲ್ಲಿದ್ದ ಪಾಪ ಒಂದೇ, ನೀರು ಒಳಗೆ ಬರುವುದು. ಇಗರ್ಜಿಯಲ್ಲಿ ಪಾದ್ರಿಗಳು ಪ್ರವಚನ ಕೊಡುವಾಗಲೂ ಇವರು ಮಾಡಿನ ಸೋರುವ ಹೆಂಚು ಹುಡುಕುತ್ತಾರೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಕೆಲಸದಲ್ಲಿ ಮಾತ್ರ ಬೆರಳು ತೋರಿಸಲು ಜಾಗವಿರಲಿಲ್ಲ.

ಮಗಳು ಡೈನಾ ಕಾಪುವಿನಿಂದ ಮಣಿಪಾಲಕ್ಕೆ ಬ್ಯಾಟರಿ ರಿಕ್ಷಾ ಓಡಿಸುತ್ತಿದ್ದಳು. ಗಂಡನ ಮನೆ ಬಿಟ್ಟು ಬಂದವಳು. ಹ್ಯಾಂಡಲ್ ಕೈಯಲ್ಲಿರುವಷ್ಟು ದಿನ ಯಾರ ಹಂಗೂ ಇಲ್ಲ ಎನ್ನುತ್ತಿದ್ದಳು. ಎರಡೇ ಮಳೆಗಾಲಕ್ಕೆ ಉಪ್ಪುಗಾಳಿ ಬ್ಯಾಟರಿಯ ಕಬ್ಬಿಣದ ಪೆಟ್ಟಿಗೆಯನ್ನು ತಿಂದುಹಾಕಿತು.

"ನಾನು ಮಾಡಿ ಕೊಡ್ತೇನೆ. ಒಂದು ಹನಿ ಹೋಗ್ಲಿಕ್ಕಿಲ್ಲ," ಎಂದರು ಅಪ್ಪ.

ಹಳೆಯ ಪೆಟ್ಟಿಗೆಯಲ್ಲಿ ಸೆಲ್‌ಗಳ ನಡುವೆ ಅಲ್ಯೂಮಿನಿಯಂ ತಗಡುಗಳಿದ್ದವು, ಬದಿಯಲ್ಲೊಂದು ಸಣ್ಣ ತೂತಿತ್ತು. ದೋಣಿಯವನ ಕಣ್ಣಿಗೆ ತೂತು ಎಂದರೆ ತೂತೇ. ಆಲ್ಫೋನ್ಸರು ದಪ್ಪ ಫೈಬರಿನ ಪೆಟ್ಟಿಗೆ ಮಾಡಿದರು, ತಗಡು ಬಿಸಾಡಿ ಸೆಲ್‌ಗಳು ಅಲುಗದ ಹಾಗೆ ಫೋಮ್ ತುಂಬುವುದೆಂದು ನಿಶ್ಚಯಿಸಿದರು, ಮುಚ್ಚಳಕ್ಕೆ ರಬ್ಬರ್ ಕೊಟ್ಟು ಹನ್ನೆರಡು ಬೋಲ್ಟು ಇಟ್ಟರು. ಸೆಲ್ ಹಾಕುವ ಮುಂಚೆ ಅವರದೊಂದು ಪರೀಕ್ಷೆ ಇತ್ತು. ಒಳಗೆ ಪೇಪರ್ ಇಟ್ಟು, ಮೇಲೆ ಮುರಕಲ್ಲು ಹೇರಿ, ಪೆಟ್ಟಿಗೆಯನ್ನು ಟ್ಯಾಂಕಿಯಲ್ಲಿ ಒಂದು ದಿನ ಮುಳುಗಿಸಿದರು.

ಮರುದಿನ ನನ್ನನ್ನು ಕರೆಸಿದರು. ನಾನು ಕಾರ್ಕಳದಲ್ಲಿ ಐಟಿಐ ಮಕ್ಕಳಿಗೆ ಎಲೆಕ್ಟ್ರಿಕಲ್ ಕಲಿಸಿ ನಿವೃತ್ತನಾದವನು.

"ಓದಿ ನೋಡಿ ಮಾಸ್ಟ್ರೇ," ಎಂದು ಪೇಪರ್ ಕೊಟ್ಟರು. ಗರಿಗರಿಯಾಗಿತ್ತು.

ತಗಡೂ ತೂತೂ ಇಲ್ಲದೆ ಬ್ಯಾಟರಿಯ ಬಿಸಿ ಹೋಗುವುದೆಲ್ಲಿಗೆ, ಸೆಲ್ ಉಬ್ಬಿದರೆ ಜಾಗವೆಲ್ಲಿ ಎಂಬ ಪ್ರಶ್ನೆ ನನ್ನ ಗಂಟಲವರೆಗೆ ಬಂತು. ಅಷ್ಟರಲ್ಲಿ ಅವರ ಹೆಂಡತಿ ಬರ್ತಾಬಾಯಿ ಕಾಫಿ ತಂದರು, ಅಕ್ಕಪಕ್ಕದವರು ಭೇಷ್ ಎಂದರು. ಸಂಭ್ರಮದ ಮನೆಯಲ್ಲಿ ಅಪಸ್ವರ ಬೇಡವೆಂದು ನಾನೂ "ಫಸ್ಟ್ ಕ್ಲಾಸ್" ಎಂದೆ. ಓದಿದ ಮೂರ್ಖ ಎಂದರೆ ನಾನೇ.

ಏಪ್ರಿಲ್‌ನ ಒಂದು ಮಧ್ಯಾಹ್ನ, ಮಣಿಪಾಲದ ಏರಿನಲ್ಲಿ, ಮೂವರು ವಿದ್ಯಾರ್ಥಿನಿಯರನ್ನೂ ಅವರ ಸೂಟ್‌ಕೇಸುಗಳನ್ನೂ ಹೇರಿಕೊಂಡು ಹೋಗುವಾಗ ಡೈನಾಳಿಗೆ ಏನೋ ವಾಸನೆ ಬಂತು. ಮೊದಲು ಹುಡುಗಿಯರನ್ನು ಇಳಿಸಿ ದೂರ ನಿಲ್ಲಿಸಿದಳು. ಆಮೇಲೆ ಅಪ್ಪನ ಪೆಟ್ಟಿಗೆಯ ಮೇಲಿದ್ದ ಸೀಟು ಎತ್ತಿದಳು. ಹೊರಗೆ ಹೋಗಲು ದಾರಿಯಿಲ್ಲದ ಹೊಗೆ, ಬೋಲ್ಟುಗಳ ಸಮೇತ ಮುಚ್ಚಳವನ್ನು ಹಾರಿಸಿತು. ಜೀವ ಉಳಿಯಿತು. ಎರಡೂ ಕೈಗಳ ಬೆರಳುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡವು.

ಊರಿನವರು ಬ್ಯಾಟರಿಯನ್ನು ಬೈದರು. ತಪ್ಪು ಪೆಟ್ಟಿಗೆಯದ್ದು, ಅವತ್ತೇ ಸಂಶಯ ಬಂದರೂ ನಾನು ಬಾಯಿ ಬಿಡಲಿಲ್ಲ ಎಂದು ಆಲ್ಫೋನ್ಸರಲ್ಲಿಗೆ ಹೋಗಿ ನಿಜ ಹೇಳಿದೆ.

"ನೀವು ಹೇಳಿದ್ರೂ ನಾನು ಕೇಳ್ತಿರಲಿಲ್ಲ ಮಾಸ್ಟ್ರೇ," ಎಂದರು ಆಲ್ಫೋನ್ಸರು.

ಅದು ಸುಳ್ಳು. ನನ್ನ ಮಾತನ್ನು ಅವರು ಯಾವತ್ತೂ ತೆಗೆದುಹಾಕಿದವರಲ್ಲ. ನನ್ನ ಮರ್ಯಾದೆ ಉಳಿಸಲು ಹಾಗೆ ಹೇಳಿದರು, ಅದೇ ನನಗೆ ಹೆಚ್ಚು ಸುಡುತ್ತದೆ.

ನಾಲ್ಕು ತಿಂಗಳು ಕೂತು ಅವರು ಇನ್ನೊಂದು ಪೆಟ್ಟಿಗೆ ಮಾಡಿದರು. ಈ ಸಲ ಪ್ರತಿಯೊಂದನ್ನೂ ನನ್ನನ್ನು ಕೇಳಿದರು. ಉಪ್ಪು ಹಿಡಿಯದ ಬಣ್ಣ ಬಳಿದ ಅಲ್ಯೂಮಿನಿಯಂ ಗೋಡೆ, ಸೆಲ್‌ಗಳ ನಡುವೆ ಉಬ್ಬಲು ಜಾಗ, ಹೊಗೆಗೆ ಹೊರಗೆ ಮಾತ್ರ ತೆರೆಯುವ ಬಾಯಿ. ರಿಕ್ಷಾ ಗುಜರಿಗೆ ಹೋಗಿ ಆಗಿತ್ತು. ಆದರೂ ಮಾಡಿದರು. ನಿಲ್ಲಿಸಿ ಎನ್ನುವ ಧೈರ್ಯ ಬರ್ತಾಬಾಯಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಕೊನೆಗೆ ಅದನ್ನು ಜಗಲಿಯಲ್ಲಿ ಕೂತಿದ್ದ ಮಗಳ ಮುಂದೆ ಇಟ್ಟರು.

"ಈಗ ಸರಿ ಉಂಟು ಮಗಾ. ನೋಡು."

ಡೈನಾ ಪೆಟ್ಟಿಗೆಯನ್ನು ನೋಡಿದಳು. ಮಡಿಲಲ್ಲಿದ್ದ ಮುಲಾಮಿನ ಟ್ಯೂಬನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ಅಪ್ಪನ ಕಡೆ ಚಾಚಿದಳು.

"ಚಂದ ಉಂಟು ಪಪ್ಪಾ. ಇದರ ಮುಚ್ಚಳ ಸ್ವಲ್ಪ ತೆಗೆದು ಕೊಡಿ."