ಅಕ್ಕನ ಇಸಬು, ಅಕ್ಕನ ದಮ್ಮು

ನನ್ನ ಅಕ್ಕ ನನ್ನ ಮಗಳನ್ನು ಮುಟ್ಟಲಿಲ್ಲ. ಗಜೇಂದ್ರಗಡದಿಂದ ಬಸ್ಸು ಬದಲಿಸುತ್ತ, ಧೂಳು ತಿನ್ನುತ್ತ ನರಗುಂದದ ನನ್ನ ಹೆಂಡತಿಯ ತವರಿಗೆ ಬಂದವಳು ಬಾಣಂತಿ ಕೋಣೆಯ ಹೊಸ್ತಿಲಲ್ಲೇ ನಿಂತು ಕೂಸನ್ನು ನೋಡಿದಳು. ಕೈಗಳೆರಡೂ ಸೆರಗಿನೊಳಗೆ.

ಅಕ್ಕನಿಗೆ ಚಿಕ್ಕಂದಿನಿಂದ ಇಸಬು. ಮೊಣಕೈ ಮಡಿಕೆಯಲ್ಲಿ, ಮಣಿಕಟ್ಟಿನಲ್ಲಿ ಚರ್ಮ ಒಡೆದು ನೀರು ಸೋರುತ್ತದೆ. ಹತ್ತಿ ಬಿಡಿಸುವ ಕಾಲಕ್ಕೆ ದಮ್ಮೂ ಬರುತ್ತದೆ. ಇದಕ್ಕೆ ನಮ್ಮ ಮನೆಯ ಮದ್ದು ಏನು ಗೊತ್ತೇ? ಇಸಬು ವಾಸಿಯಾಗದಂತೆ ನೋಡಿಕೊಳ್ಳುವುದು! ಮೇಲೆ ಒಣಗಿದರೆ ಅದು ಒಳಗಿಳಿದು ಎದೆ ಹಿಡಿಯುತ್ತದಂತೆ. ತುಸು ಒಣಗಿದ ಹಾಗೆ ಕಂಡರೂ ಅವ್ವ ಉಪ್ಪುನೀರು ಹಾಕಿ ತಿಕ್ಕುತ್ತಿದ್ದಳು. (ಪ್ರೀತಿಯಿಂದಲೇ. ಅದಕ್ಕೇ ಯಾರೂ ತಡೆಯಲಿಲ್ಲ.) ನಿಮ್ಮ ಮನೆಯಲ್ಲೂ ಇಂಥ ಪ್ರೀತಿ ಇದ್ದೀತು.

ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ನನಗಿರುವವಳು ಒಬ್ಬಳೇ ಅಕ್ಕ. ನನ್ನ ಮದುವೆಯಾದಾಗಿನಿಂದ ಈ ಹಕ್ಕಿಗಾಗಿ ಕಾದವಳು, ಈಗ ಬೇರೆ ಯಾರಾದರೂ ಹಾಕಲಿ ಬಿಡು ಎಂದಳು. ಕೂಸಿಗೆ ತನ್ನ ರೋಗ ಅಂಟೀತು ಎಂಬ ಹೆದರಿಕೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ತೊಟ್ಟಿಲಿಗೆ ಇನ್ನೂ ಎರಡು ತಿಂಗಳಿತ್ತು. ಅವಳನ್ನು ರೋಣದ ನಮ್ಮ ಮನೆಗೆ ಕರೆತಂದು ದವಾಖಾನೆಗೆ ಕರೆದೊಯ್ದೆ. ಇದು ಅಂಟುವ ರೋಗವಲ್ಲ ಎಂದರು ಡಾಕ್ಟರು. ಇಸಬು, ದಮ್ಮು ಎರಡೂ ಅಕ್ಕತಂಗಿಯರಂತೆ, ಎಷ್ಟೋ ಸಲ ಒಂದೇ ಮೈಯಲ್ಲಿ ಇರುತ್ತವಂತೆ. ಆದರೆ ಒಬ್ಬಳನ್ನು ಕಳಿಸಿದ್ದಕ್ಕೆ ಇನ್ನೊಬ್ಬಳು ಬರುತ್ತಾಳೆ ಎನ್ನುವುದು ಸುಳ್ಳು ಎಂದು ನಕ್ಕು, ಡಾಂಬರಿನ ವಾಸನೆಯ ಕರಿ ಮುಲಾಮು ಕೊಟ್ಟರು.

ಅಕ್ಕ ನಂಬಲಿಲ್ಲ. ನಂಬದೆಯೇ ಹಚ್ಚಿಕೊಂಡಳು. ಯಾಕೆ ಎಂದು ಕೇಳಿದೆ.

"ದಮ್ಮ ಬಂದ್ರ ಬರಲಿ ತಮ್ಮಾ. ಕೂಸಿನ್ನ ಒಮ್ಮೆರ ಎತ್ಕೋತೀನಿ."

ಉಸಿರನ್ನೇ ಕೊಟ್ಟು ಕೂಸನ್ನು ಎತ್ತಿಕೊಳ್ಳಲು ಹೊರಟವಳಿಗೆ ಯಾವ ಡಾಕ್ಟರು ತಾನೇ ಏನು ಹೇಳಿಯಾರು?

ಆ ಎರಡು ತಿಂಗಳು ಕನಸಿನಲ್ಲಿ ಕಳೆದ ಹಾಗಿದೆ ನನಗೆ. ಬೆಳಿಗ್ಗೆ ಅಕ್ಕ ಅಂಗಳದ ಎಳೆ ಬಿಸಿಲಿಗೆ ಕೈ ಚಾಚಿ ಕೂತಿರುತ್ತಿದ್ದಳು. ಕಣ್ಣು ಅರ್ಧ ಮುಚ್ಚಿ, ಸಣ್ಣ ದನಿಯಲ್ಲಿ ಒಂದೊಂದೇ ಹೆಸರು ಹೇಳಿ ನೋಡುತ್ತಿದ್ದಳು. ಚರ್ಮ ಮೆಲ್ಲಗೆ ಕೂಡಿಕೊಳ್ಳುತ್ತಿತ್ತು. ಕಡೆಕಡೆಗೆ ಪೇಟೆಗೆ ಹತ್ತಿಯ ಗಾಡಿಗಳು ಬರತೊಡಗಿದವು. ಬಿಳಿ ಎಳೆಗಳು ಗೋಡೆ ದಾಟಿ ತೇಲಿ ಬಂದು, ಇಳಿಯುವ ಅವಸರವೇ ಇಲ್ಲದೆ ಅವಳ ತಲೆಯ ಮೇಲೆ ಅಲೆಯುತ್ತಿದ್ದವು. ನೋಡಲು ಎಷ್ಟು ಚೆಂದ! ನಾನು ಮಾತ್ರ ಅವಳ ಉಸಿರು ಎಣಿಸುತ್ತಿದ್ದೆ.

ತೊಟ್ಟಿಲ ದಿನ ನರಗುಂದದಲ್ಲಿ ಅಕ್ಕನೇ ಕೂಸನ್ನು ಎತ್ತಿಕೊಂಡಳು. ಕೂಸು ಅವಳ ಮೊಣಕೈ ಮಡಿಕೆಯಲ್ಲಿ ತಲೆಯಿಟ್ಟು ನಿದ್ದೆ ಹೋಯಿತು. ಹೆಂಗಸರ ಜೋಗುಳ ಮುಗಿದರೂ ಅವಳು ತೊಟ್ಟಿಲಿಗೆ ಹಾಕಲೊಲ್ಲಳು. ಯಾರೂ ಅವಸರ ಮಾಡಲಿಲ್ಲ.

ರೋಣಕ್ಕೆ ಮರಳಿದ ವಾರದೊಳಗೆ ದಮ್ಮು ಬಂತು. ಅವ್ವ ಹಣೆ ಬಡಿದುಕೊಂಡಳು. ಎಲ್ಲ ಆ ಮುಲಾಮಿನಿಂದಲೇ ಆದದ್ದು, ಇನ್ನು ಅದನ್ನು ಮುಟ್ಟಬೇಡ ಎಂದು ಅತ್ತಳು. ನಿಜ ಹೇಳುತ್ತೇನೆ, ನಾನೂ ಒಂದು ಗಳಿಗೆ ಅಳುಕಿದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಎದೆಯೊಳಗೆ ಸೀಟಿ. ಒಂದೊಂದೇ ಮಾತು ಎಳೆದು ಅವ್ವನನ್ನು ಕೇಳಿದಳು.

"ಯವ್ವಾ, ವರ್ಷಾ ವರ್ಷಾ ದಮ್ಮ ಬರತಿತ್ತಲಾ, ಆವಾಗ ನಾ ಯಾವ ಮುಲಾಮ ಹಚ್ಚಿದ್ನಿ?"